ಕೈಯನ್ನು ಮರೆತ ಲೆಕ್ಕ

ಅತ್ತೆ ಬೀಳಲಿಲ್ಲ, ಎಡವಿದರು ಅಷ್ಟೆ. ಆದರೆ ರಂಗದ ಮೇಲೆ ಎಡವುವುದಕ್ಕೂ ಬೀಳುವುದಕ್ಕೂ ನೋಡುವವರ ಕಣ್ಣಿಗೆ ಹೆಚ್ಚು ವ್ಯತ್ಯಾಸವಿಲ್ಲ. ಮೆಟ್ಟಿಲ ಪಕ್ಕದ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಒಂದು ಕಾಲನ್ನು ಕತ್ತಲೆಯಲ್ಲಿ ತಡಕಾಡಿಸುತ್ತ ನಿಂತಿದ್ದರಂತೆ. ಸಭಾಂಗಣದ ಹಿಂದೆ, ಎತ್ತರದ ಗಾಜಿನ ಕೋಣೆಯಲ್ಲಿ ಕೂತಿದ್ದ ನನಗೆ ಅವರು ಕಾಣಲೇ ಇಲ್ಲ. ಬರೀ ದನಿ ಕೇಳಿಸಿತು.

"ಯಾರಮ್ಮಾ ಅದು, ಲೋಕವನ್ನೇ ಎತ್ತಿಟ್ಟುಬಿಟ್ಟೋರು?"

ಎತ್ತಿಟ್ಟವಳು ನಾನೇ. ಆ ರಂಗಮಂದಿರದಲ್ಲಿ ದೀಪಗಳನ್ನು ನೋಡಿಕೊಳ್ಳುವವಳು ನಾನು. ಅಲ್ಲಿ ಎಲ್ಲರಿಗೂ ಲೈಟಮ್ಮ. ಅತ್ತೆ ಅಲ್ಲಿನ ಎಲ್ಲರಿಗಿಂತ ಹಳೆಯ ನಟಿ. ನನ್ನ ಗಂಡ ದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ, ಮನೆಗೆ ಬಂದರೆ ನೆಂಟರ ಹಾಗೆ ಟವೆಲ್ ಎಲ್ಲಿದೆ ಎಂದು ಕೇಳುತ್ತಾನೆ. ಹಾಗಾಗಿ ಮನೆಯೆಂದರೆ ಹೆಚ್ಚಾಗಿ ಅತ್ತೆ, ನಾನು, ಕಾಲೇಜಿಗೆ ಹೋಗುವ ಮಗಳು.

ತಾಲೀಮು ನಡೆಯುತ್ತಿದ್ದ ನಾಟಕ ಇಷ್ಟೇ. ಒಂದು ಗೋಪುರದಲ್ಲಿ ಜೀವಮಾನವಿಡೀ ದೀಪ ಕಾದ ಒಬ್ಬಾಕೆ, ಕೊನೆಗೊಂದು ಸಲ ಅದಕ್ಕೆ ಎಣ್ಣೆ ಹಾಕುವುದಿಲ್ಲ. ದೀಪ ಸೊರಗುತ್ತಿದ್ದಂತೆ ಮೆಟ್ಟಿಲಿಳಿದು ಹೊರಟುಹೋಗುತ್ತಾಳೆ. ಆಗ ಮಾತಿಲ್ಲ, ಸಂಗೀತವಿಲ್ಲ. ಅತ್ತೆಯ ಪಾತ್ರದ ಜೀವವೆಲ್ಲ ಆ ಇಳಿಯುವುದರಲ್ಲೇ ಇತ್ತು.

ಮೊದಲಾದರೆ ನನ್ನ ಕೋಣೆಯಲ್ಲಿ ಒಂದು ಕಬ್ಬಿಣದ ಹಿಡಿಕೆ ಇತ್ತು. ಎಳೆದರೆ ಬೆಳಕು ಇಳಿಯುತ್ತಿತ್ತು. ಹೇಗೆ ಎಳೆಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆಯ ಹೆಜ್ಜೆ ನೋಡುತ್ತಾ ಎಳೆಯುತ್ತಿದ್ದೆ, ಮಗುವಿನ ತಲೆಯ ಕೆಳಗಿಂದ ಕೈ ತೆಗೆಯುವ ಹಾಗೆ. ಈ ವರ್ಷ ಹಿಡಿಕೆ ಹೋಗಿ ಅದರ ಜಾಗಕ್ಕೆ ಗಾಜಿನ ಹಲಗೆ ಬಂತು. ಅದರ ಮೇಲೆ ಬೆರಳು ಜಾರಿಸಿದರೆ ಬೆಳಕು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಯಾವ ಹೊತ್ತಿಗೆ ಬೆಳಕು ಎಷ್ಟಿರಬೇಕು ಎಂದು ಮೊದಲೇ ಅಂಕಿ ತುಂಬಿಸಿಟ್ಟರೆ ಮಾತ್ರ ಅದು ಮಾತು ಕೇಳುತ್ತಿತ್ತು. ನಾನು ಸಮಸಮನಾಗಿ ಇಳಿಯುವ ಅಂಕಿಗಳನ್ನು ಕೊಟ್ಟಿದ್ದೆ. ಆದದ್ದೇ ಬೇರೆ: ಬಹಳ ಹೊತ್ತು ಏನೂ ಆಗದಂತಿದ್ದು, ಕೊನೆಗೆ ಕತ್ತಲೆ ದೊಪ್ಪನೆ ಬಿತ್ತು. ಅತ್ತೆಯ ವಯಸ್ಸಿನ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ಮೊದಲೇ ಮೆಟ್ಟಿಲು ಮಾಯ.

"ಸೈಲೆನ್ಸ್!" ಎಂದ ನಿರ್ದೇಶಕ, ಯಾರೂ ಮಾತಾಡದಿದ್ದರೂ. ಆ ಮಾತನ್ನು ಅವನಷ್ಟು ಜೋರಾಗಿ ಕೂಗುವವರು ಇಡೀ ಕಟ್ಟಡದಲ್ಲಿ ಇಲ್ಲದ್ದರಿಂದ ನಾವು ಅವನನ್ನು ಬೆನ್ನ ಹಿಂದೆ ಸೈಲೆನ್ಸ್ ಎಂದೇ ಕರೆಯುತ್ತಿದ್ದೆವು. "ಲೈಟಮ್ಮ, ದೊಡ್ಡ ಬಲ್ಬ್ ಹಾಕೋಕಾಗಲ್ವಾ?"

"ಹಾಕ್ತೀನಿ. ಆದರೆ ಅದೂ ಹೀಗೇ ಬೀಳುತ್ತೇನೋ."

ನಾನು ಕೋಣೆಯಿಂದ ಇಳಿದು ಬರುವಷ್ಟರಲ್ಲಿ ಅವನು ಅತ್ತೆಯ ಕೈ ಹಿಡಿದು ಕೆಳಗಿಳಿಸಿ, ದನಿ ತಗ್ಗಿಸಿದ್ದ. ಅವನು ದನಿ ತಗ್ಗಿಸಿದರೆ ಎಲ್ಲರಿಗೂ ಭಯ. "ಅಮ್ಮಾ, ಬೇಜಾರಾಗಬೇಡಿ. ಕೊನೆ ದೃಶ್ಯದಲ್ಲಿ ನೀವು ಮೇಲೆ ಕುರ್ಚೀಲಿ ಕೂತಿರಿ. ಇಳಿಯೋದನ್ನ ನಮ್ಮ ತಂಡದ ಆ ಚಿಕ್ಕ ಹುಡುಗಿ ಮಾಡ್ತಾಳೆ. ಬೆನ್ನು ತಿರುಗಿಸಿ ಇಳಿದರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲಪ್ಪ," ಎಂದರು ಅತ್ತೆ. "ಇಳಿಯೋಕೆ ಬಿಡದಿದ್ರೆ ನಾನು ಹತ್ತೋದೂ ಇಲ್ಲ. ಕುರ್ಚಿ ಮನೇಲೂ ಇದೆ."

ಅವರು ನಗುತ್ತಲೇ ಹೇಳಿದ್ದು. ಆದರೆ ಒಳಕೋಣೆಯಲ್ಲಿ ದರ್ಜಿ ಆಗಲೇ ಗೋಪುರದಾಕೆಯ ಉದ್ದ ಕೋಟನ್ನು ಆ ಹುಡುಗಿಯ ಮೈಮೇಲಿಟ್ಟು, ಅಂಚು ಮಡಚಿ, ಗುಂಡುಸೂಜಿ ಚುಚ್ಚುತ್ತಿದ್ದ. ಅತ್ತೆ ಅದನ್ನು ಬಾಗಿಲ ಸಂದಿಯಿಂದ ಕಂಡರು. ತಮ್ಮ ಚಪ್ಪಲಿ ಹುಡುಕಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ್ದೇ ತಡ, ನನಗೆ ಜೊಂಪು ಹತ್ತಿತು. ಕನಸಿನಲ್ಲಿ ಅತ್ತೆ ಕೈಯಲ್ಲೊಂದು ಕೆಟಲ್ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಪ್ರತಿ ಮೆಟ್ಟಿಲೂ ಹಿಂದಿನದರ ಅರ್ಧದಷ್ಟೇ ಎತ್ತರ. ಮೊದಲು ಮೊಣಕಾಲೆತ್ತರ, ಆಮೇಲೆ ಗೇಣು, ಆಮೇಲೆ ಬೆರಳು, ಆಮೇಲೆ ಕಾಗದ. ನೆಲ ಅಲ್ಲೇ ಇತ್ತು, ಆದರೂ ಅವರು ಇನ್ನೂ ಇಳಿಯುತ್ತಲೇ ಇದ್ದರು. ನೀರು ಚೆಲ್ಲಲಿಲ್ಲ. ನಾನು ಏಳುವ ಹೊತ್ತಿಗೆ ನಮ್ಮ ನಿಲ್ದಾಣ ದಾಟಿಹೋಗಿತ್ತು. ಅತ್ತೆ ನನ್ನನ್ನು ಎಬ್ಬಿಸದೆ ಸುಮ್ಮನೆ ಪಕ್ಕದಲ್ಲಿ ಕೂತಿದ್ದರು.

"ನಿದ್ದೆ ಕೆಡಿಸಬಾರದು ಅಂತ ಬಿಟ್ಟೆ," ಎಂದರು. "ನಡೆದರಾಯ್ತು. ನೆಲದ ಮೇಲೆ ನಡೆಯೋಕೆ ನನಗಿನ್ನೂ ಬರುತ್ತೆ."

ಮಗಳು ಅಡುಗೆಮನೆಯ ಮೇಜಿನ ತುಂಬ ಹಾಳೆ ಹರಡಿಕೊಂಡು, ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಿದ್ದಳು. ಅವಳಿಗೆ ಆಗ ಗಣಿತದ ಲಾಗ್‌ಗಳ, ಅಂದರೆ ಲಾಗರಿದಮ್‌ಗಳ, ಕಾಟ. ಲಾಗ್ ಫಲನಗಳ ಅವಕಲನ ಎಂದರೆ ಅವಳ ಭಾಷೆಯಲ್ಲಿ "ಯಾವ ಜಾಗದಲ್ಲಿ ಎಷ್ಟು ಇಳಿಜಾರು" ಎಂದು ಕೇಳುವುದು.

"ಅಮ್ಮಾ, ಎಕ್ಸ್‌ನ ಲಾಗ್‌ಗೆ ಉತ್ತರ ಒಂದರ ಕೆಳಗೆ ಎಕ್ಸ್. ಸರಿ. ಐದು ಎಕ್ಸ್‌ನ ಲಾಗ್‌ಗೂ ಒಂದರ ಕೆಳಗೆ ಎಕ್ಸೇ! ಐದು ಎಲ್ಲಿಗೆ ಹೋಯ್ತು ಹೇಳು?"

"ನಿಮ್ಮಪ್ಪನ ಲಾರಿ ಹತ್ತಿ ಹೋಗಿರಬೇಕು," ಎಂದರು ಅತ್ತೆ.

"ಅಜ್ಜೀ! ತಮಾಷೆ ಅಲ್ಲ. ನಾನು ಯಾವಾಗಲೂ ಒಳಗಿರೋದನ್ನ ಮರೀತೀನಿ. ಲಾಗ್ ಕಂಡ ತಕ್ಷಣ ಒಂದರ ಕೆಳಗೆ ಹಾಕಿ ಮುಗಿಸಿಬಿಡ್ತೀನಿ. ಒಳಗಿರೋದೂ ಬದಲಾಗ್ತಿರುತ್ತಲ್ಲ, ಅದರ ಓಟದಿಂದಲೂ ಗುಣಿಸಬೇಕು. 'ಒಳಗಿನದನ್ನ ಎಲ್ಲಿ ಬಿಟ್ಟು ಬಂದೆ' ಅಂತ ಟೀಚರ್ ದಿನಾ ಕೇಳ್ತಾರೆ. ಇಡೀ ಕ್ಲಾಸ್ ನಗುತ್ತೆ."

ನಾನು ಕೈಕಾಲು ತೊಳೆದು ಬಂದು, ಆ ದಿನ ಆದದ್ದನ್ನು ಹೇಳಿದೆ. ಬೆಳಕು ಜಾಸ್ತಿ ಇದ್ದಾಗ ಎಷ್ಟು ಕಡಿಮೆ ಮಾಡಿದರೂ ಕಣ್ಣಿಗೆ ತಿಳಿಯುವುದಿಲ್ಲ, ಮಬ್ಬಾಗಿರುವಾಗ ಒಂದು ಚೂರು ತೆಗೆದರೂ ದೊಡ್ಡ ಪೆಟ್ಟು ಎಂದೆ. ಅಷ್ಟು ಹೇಳಿದ್ದೇ ಮಗಳು ಮುಚ್ಚಳವನ್ನು ಬಾಯಿಂದ ತೆಗೆದಳು.

"ಅದು ಲಾಗೇ ಅಮ್ಮ! ಕಣ್ಣು ಲಾಗ್ ತರಹ ನೋಡುತ್ತೆ. ಎಕ್ಸ್ ದೊಡ್ಡದಿದ್ರೆ ಇಳಿಜಾರು ಸಣ್ಣದು, ಎಕ್ಸ್ ಸಣ್ಣದಿದ್ರೆ ಕಡಿದು. ಒಂದರ ಕೆಳಗೆ ಎಕ್ಸ್. ನಿನ್ನ ಅಂಕಿಗಳನ್ನ ನಾನು ಮಾಡಿಕೊಡ್ತೀನಿ."

ಅವಳ ಮುಖ ನೋಡಿ ನನಗೆ ಬೇಡ ಎನ್ನಲು ಬರಲಿಲ್ಲ. ದಿನವಿಡೀ ನಗೆಪಾಟಲಾಗಿ ಬಂದ ಮಗುವಿಗೆ ತನ್ನ ಲೆಕ್ಕ ಎಲ್ಲೋ ಒಂದು ಕಡೆ ನಿಜವಾಗಿದೆ ಅನಿಸಿದ ಗಳಿಗೆ ಅದು. ಅವಳು ಬೆಳಕು ಇಳಿಯುವ ಓಟವನ್ನು ಒಂದರ ಕೆಳಗೆ ಎಕ್ಸ್ ಎಂದು ಇಟ್ಟು, ಅಂಕಿಗಳನ್ನು ಸಾಲಾಗಿ ಬರೆದಳು. ಅತ್ತೆ ಕನ್ನಡಕ ಏರಿಸಿ ನೋಡಿ, "ಚೆನ್ನಾಗಿದೆ, ನನಗೇನೂ ಅರ್ಥವಾಗಲಿಲ್ಲ," ಎಂದು ಅವಳ ತಲೆ ಸವರಿದರು.

ಮಾರನೆಯ ದಿನ ಊಟದ ಹೊತ್ತಿನಲ್ಲಿ, ರಂಗ ಖಾಲಿಯಿದ್ದಾಗ, ಆ ಅಂಕಿಗಳನ್ನು ಹಲಗೆಗೆ ತುಂಬಿಸಿದೆ. ಹೊರಗೆ ಸುಡುವ ಬಿಸಿಲು, ಒಳಗೆ ಕಿಟಕಿಯೇ ಇಲ್ಲದ ತಂಪು. ಮಗಳು ಕಾಲೇಜಿನಿಂದ ನೇರ ಓಡಿಬಂದು ಅಜ್ಜಿಯ ಪಕ್ಕ ಮೊದಲ ಸಾಲಿನಲ್ಲಿ ಕೂತಳು. ನಿರ್ದೇಶಕ ಬಾಯಿಗೆ ಬ್ರೆಡ್ಡು ತುರುಕಿಕೊಂಡು ಹಿಂದೆ ನಿಂತ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಸದ್ಯ.

ನಾನು ಬೆರಳೊತ್ತಿದೆ. ಬೆಳಕು ಇದ್ದಲ್ಲೇ ಇತ್ತು. ಇನ್ನೂ ಇತ್ತು. ನಿರ್ದೇಶಕ ಗಡಿಯಾರ ನೋಡಿಕೊಂಡ. ಆಮೇಲೆ ಬಾವಿಗೆ ಬಿಂದಿಗೆ ಜಾರಿದ ಹಾಗೆ ಎಲ್ಲವೂ ಒಮ್ಮೆಗೇ ಹೋಯಿತು. ನನ್ನ ಹಳೆಯ ಅಂಕಿಗಳೇ ವಾಸಿಯಾಗಿದ್ದವು.

ಕತ್ತಲೆಯಲ್ಲಿ ಅತ್ತೆಯ ದನಿ ಬಂತು. "ಇದು ದೀಪ ಸೊರಗಿದ್ದಲ್ಲ ಕಣೇ, ಫ್ಯೂಸ್ ಹೋದದ್ದು."

ಎಲ್ಲರೂ ನಕ್ಕರು. ದೀಪ ಹಾಕಿದಾಗ ಮಗಳು ಮಾತ್ರ ನಕ್ಕಿರಲಿಲ್ಲ. ಚೀಲವನ್ನು ಎದೆಗವುಚಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು.

"ನಾಳೆ ಮಧ್ಯಾಹ್ನ ಕೊನೇ ಸಲ ನೋಡ್ತೀನಿ," ಎಂದ ನಿರ್ದೇಶಕ. ಒರಟಾಗಿ ಹೇಳಲಿಲ್ಲ. "ಆಗಲಿಲ್ಲ ಅಂದ್ರೆ ಕೋಟನ್ನ ಆ ಹುಡುಗಿ ಅಳತೆಗೆ ಹೊಲಿಸಿಬಿಡ್ತೀನಿ ಅಮ್ಮ. ನಿಮ್ಮ ಕಾಲು ಮುರಿದರೆ ನಾನು ಯಾರಿಗೆ ಮುಖ ತೋರಿಸಲಿ?"

"ಮುರಿಯೋದು ನನ್ನ ಕಾಲು, ಚಿಂತೆ ನಿನ್ನ ಮುಖದ್ದು," ಎಂದರು ಅತ್ತೆ. ಆದರೆ ನಾನು ಕೆಳಗೆ ಬಂದಾಗ, ಮೇಲೇಳುತ್ತಾ ಮೊದಲ ಬಾರಿಗೆ ನನ್ನ ಭುಜ ಹಿಡಿದರು.

ಆ ಸಂಜೆ ಮೂವರೂ ಅಡುಗೆಮನೆಯಲ್ಲಿದ್ದೆವು. ಅದರ ಕಿಟಕಿ ಪಡುವಣಕ್ಕಿದೆ. ಎದುರಿನ ಮನೆಯ ತಾರಸಿಯ ಮೇಲೆ ಯಾರದೋ ಬಟ್ಟೆಗಳು ಒಣಗುತ್ತಿದ್ದವು. ಸೂರ್ಯ ಅವುಗಳ ಹಿಂದೆ ಇಳಿದು ಆಗಿತ್ತು. ಅತ್ತೆ ಕಿಟಕಿಯ ಬಳಿ ಕೂತು ಗೋಪುರದಾಕೆಯ ಮಾತುಗಳನ್ನು ತುಟಿಯಲ್ಲೇ ಒಂದು ಸಲ ಹೇಳಿಕೊಂಡರು. ಬಿಟ್ಟುಕೊಡಬೇಕಾದ್ದನ್ನು ಒಮ್ಮೆ ಮುಟ್ಟಿ ನೋಡುವ ಹಾಗೆ. ಮಗಳು ಹಾಳೆಗಳನ್ನು ಹರಡಿದ್ದಳು, ಬರೆಯುತ್ತಿರಲಿಲ್ಲ.

"ಮರೀ, ಆ ಲಾಗ್ ಇದೆಯಲ್ಲ, ಅದನ್ನ ನನಗೆ ಇನ್ನೊಂದ್ಸಲ ಹೇಳು," ಎಂದರು ಅತ್ತೆ.

"ಬೇಡ ಅಜ್ಜಿ. ನನ್ನಿಂದ ಎಲ್ಲ ಹಾಳಾಯ್ತು."

"ಹಾಳಾಗೋಕೆ ಅದೇನು ಮುಂಚೆ ಸರಿಯಿತ್ತಾ? ಹೇಳೇ. ಹೊತ್ತು ಹೋಗಬೇಕು."

ಮಗಳು ನಿಟ್ಟುಸಿರು ಬಿಟ್ಟಳು. "ಕಣ್ಣಿಗೆ ತಿಳಿಯೋದು ಬೆಳಕಿನ ಲಾಗ್. ಅದರ ಇಳಿಜಾರು ಒಂದರ ಕೆಳಗೆ ಬೆಳಕು. ನಾನು ಬೆಳಕನ್ನ ಅದೇ ಓಟದಲ್ಲಿ ಇಳಿಸಿದೆ. ಅಷ್ಟೇ."

"ಇಳಿಸಿದ್ದು ಯಾರು?"

"ಆ ಗಾಜಿನ ಹಲಗೆ."

"ಮುಂಚೆ?"

"ಮುಂಚೆ ಅಮ್ಮ."

ನಾನು ತಟ್ಟೆ ಒರೆಸುತ್ತಿದ್ದೆ. ಕಣ್ಣು ಎಳೆಯುತ್ತಿತ್ತು. ಮುಂಚೆ ಅಮ್ಮ ಎಂಬ ಮಾತು ಕಿವಿಗೆ ಬಿದ್ದಾಗ ನನಗೇ ಅರಿವಿಲ್ಲದೆ ತಟ್ಟೆ ಕೆಳಗಿಟ್ಟು, ಗಾಳಿಯಲ್ಲಿ ಹಿಡಿಕೆ ಹಿಡಿದೆ. ಹಳೆಯ ಅಭ್ಯಾಸ. ಕೈ ತಾನಾಗಿಯೇ ಇಳಿಯಿತು. ಮೊದಲು ಧಾರಾಳವಾಗಿ, ಆಮೇಲೆ ನಿಧಾನ, ಆಮೇಲೆ ಮತ್ತೂ ನಿಧಾನ, ಕೊನೆಗೆ ಇಳಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ. ನಾನು ನಿಂತಲ್ಲೇ ಅರ್ಧ ನಿದ್ದೆಯಲ್ಲಿದ್ದೆ. ಕಣ್ಣೆದುರು ಅಡುಗೆಮನೆ ಇರಲಿಲ್ಲ, ಅತ್ತೆಯ ಹಿಮ್ಮಡಿ ಇತ್ತು, ಮೆಟ್ಟಿಲಿತ್ತು.

"ಅಮ್ಮಾ," ಎಂದಳು ಮಗಳು ಮೆಲ್ಲಗೆ. ನಡೆಯುತ್ತಾ ನಿದ್ದೆ ಮಾಡುವವರನ್ನು ಕರೆಯುವ ಹಾಗೆ. "ಇನ್ನೊಂದ್ಸಲ ಮಾಡು."

ಮಾಡಿದೆ.

"ಕೈ!" ಮಗಳು ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಬಿತ್ತು. "ಕೈಯನ್ನ ಮರೆತೆ! ಅಜ್ಜಿ, ಒಳಗಿರೋದು ಅದೇ. ಬೆಳಕು ಸುಮ್ಮನೆ ಇಲ್ಲ, ಅದನ್ನ ಒಂದು ಕೈ ಇಳಿಸ್ತಾ ಇದೆ. ಒಂದರ ಕೆಳಗೆ ಬೆಳಕು ಅನ್ನೋದು ಕಣ್ಣಿನ ಪಾಲು. ಅದನ್ನ ಕೈಯ ಓಟದಿಂದ ಗುಣಿಸಬೇಕು. ನಾನು ಕಣ್ಣಿನ ಪಾಲನ್ನೇ ಕೈಗೆ ಕೊಟ್ಟುಬಿಟ್ಟೆ!"

"ನಿಧಾನ, ನಿಧಾನ," ಎಂದೆ.

"ಎರಡೂ ಗುಣಿಸಿದಾಗ ಒಂದೇ ಸಮ ಬರಬೇಕು. ಆಗ ತಾನೇ ಕಣ್ಣಿಗೆ ಸಮವಾಗಿ ಇಳಿದ ಹಾಗೆ ಕಾಣೋದು? ಕೆಳಗೆ ಬೆಳಕಿದೆ. ಅದನ್ನ ಹೊಡೆದು ಹಾಕೋಕೆ ಮೇಲೂ ಬೆಳಕೇ ಬೇಕು. ಅಂದ್ರೆ, ಬೆಳಕು ಎಷ್ಟು ಉಳಿದಿದೆಯೋ ಕೈ ಅಷ್ಟೇ ಜೋರಾಗಿ ಓಡಬೇಕು. ಜಾಸ್ತಿ ಇದ್ರೆ ಜಾಸ್ತಿ, ಕಡಿಮೆ ಇದ್ರೆ ಕಡಿಮೆ. ಇರೋದರಲ್ಲಿ ಅರ್ಧ ತೆಗಿ, ಅಷ್ಟೇ ಹೊತ್ತು ಬಿಟ್ಟು ಉಳಿದಿದ್ದರಲ್ಲಿ ಅರ್ಧ, ಮತ್ತೆ ಅದರಲ್ಲಿ ಅರ್ಧ."

ನನಗೆ ಬಸ್ಸಿನ ಕನಸು ನೆನಪಾಯಿತು. ಹೇಳಲಿಲ್ಲ. ಹೇಳಿದ್ದರೆ ಅತ್ತೆ ಕೆಟಲ್ ಯಾಕೆ ಎಂದು ಕೇಳುತ್ತಿದ್ದರು.

"ದೊಡ್ಡ ಬಲ್ಬ್ ಹಾಕಿದ್ರೆ?" ಎಂದೆ, ನಿರ್ದೇಶಕನ ಮಾತು ನೆನಪಾಗಿ.

ಮಗಳು ನಗತೊಡಗಿದಳು. "ಅದೇ ಅಮ್ಮ ಆ ಐದು! ಐದು ಪಟ್ಟು ಬೆಳಕಾದ್ರೂ ಕಣ್ಣಿಗೆ ಇಳಿಯೋ ಓಟ ಬದಲಾಗಲ್ಲ. ಐದು ಎಲ್ಲೂ ಹೋಗಿಲ್ಲ. ಅದು ಎತ್ತರ. ಇಳಿಜಾರಿಗೆ ಅದರ ಗೊಡವೆ ಇಲ್ಲ."

"ಸರಿ, ನಿಮ್ಮಪ್ಪನ ಲಾರೀನ ಇನ್ನು ಹುಡುಕಬೇಕಾಗಿಲ್ಲ," ಎಂದರು ಅತ್ತೆ. ಆಮೇಲೆ ಕೇಳಿದರು: "ಅರ್ಧ, ಅರ್ಧ ಅಂತಾ ಹೋದ್ರೆ ಆರೋದು ಯಾವಾಗ?"

ಮಗಳು ಬಗ್ಗಿ ಹಾಳೆಯ ಮೇಲೆ ಏನೋ ಬರೆಯಲು ಹೋದವಳು ನಿಂತಳು. ಮುಖವನ್ನು ಹಾಳೆಗೆ ಇನ್ನೂ ಹತ್ತಿರ ತಂದಳು. "ಆರೋದೇ ಇಲ್ಲ ಅಜ್ಜಿ. ಸೊನ್ನೆಗೆ ಲಾಗೇ ಇಲ್ಲ. ಕಡಿಮೆ ಆಗ್ತಾನೇ ಇರುತ್ತೆ." ಮತ್ತೆ ಬಗ್ಗಿ ನೋಡಿದಳು. "ನಾನು ಬರೆದದ್ದು ನನಗೇ ಕಾಣ್ತಿಲ್ಲ. ಯಾವಾಗ ಕತ್ತಲಾಯ್ತು?"

ಆಗ ಮೂವರೂ ತಲೆಯೆತ್ತಿ ನೋಡಿದೆವು. ಎದುರಿನ ತಾರಸಿಯ ಬಟ್ಟೆಗಳ ಬಣ್ಣ ಹೋಗಿ ಬರೀ ಆಕಾರ ಉಳಿದಿತ್ತು. ಗೋಡೆಯ ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ದೀಪ ಹಾಕಬೇಕೆಂದು ಯಾರಿಗೂ ಅನಿಸಿರಲಿಲ್ಲ. ಬೆಳಕು ಹೋದ ಗಳಿಗೆ ಇದು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಿರಲಿಲ್ಲ. ಆದರೂ ಅತ್ತೆಯ ಬೆಳ್ಳಿಕೂದಲು, ಮಗಳ ಕೈಯಲ್ಲಿನ ಹಾಳೆಯ ಬಿಳುಪು, ಒರೆಸಿಟ್ಟ ತಟ್ಟೆಯ ಅಂಚು ಕಾಣುತ್ತಿದ್ದವು. ಯಾರೋ ಬಲು ನಾಜೂಕಿನ ಕೈಯವರು ಆಚೆ ಕೂತು ಹಿಡಿಕೆ ಎಳೆಯುತ್ತಿದ್ದರು.

ಅತ್ತೆ ಎದ್ದರು. ಕತ್ತಲಲ್ಲೇ ಮೇಜು ಬಳಸಿ, ಬಿದ್ದ ಕುರ್ಚಿಯನ್ನು ದಾಟಿ, ಒಲೆಯ ಬಳಿಗೆ ಹೋಗಿ, ತಡವರಿಸದೆ ಕೆಟಲ್‌ನ ಹಿಡಿಗೆ ಕೈ ಹಾಕಿದರು.

"ದೀಪ ಹಾಕಬೇಡ," ಎಂದರು. "ಚಹಾ ನಾನೇ ಮಾಡ್ತೀನಿ."

ಮಾರನೆಯ ಮಧ್ಯಾಹ್ನ ಹೊಸ ಅಂಕಿಗಳನ್ನು ಒಂದೊಂದಾಗಿ ತುಂಬಿಸಿದೆ. ಮಗಳು ಈ ಸಲ ನನ್ನ ಕೋಣೆಯಲ್ಲೇ, ನೆಲದ ಮೇಲೆ, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಗಾಜಿನಾಚೆ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಕೊನೆಯ ಎಳೆ ಬೆಳಕು ತಾನಾಗಿ ಆರುವುದಿಲ್ಲವಾದ್ದರಿಂದ ಅದಕ್ಕೊಂದು ಕಪ್ಪು ಗುಂಡಿ ಇಟ್ಟುಕೊಂಡಿದ್ದೆ. ಅತ್ತೆಯ ಕಾಲು ನೆಲ ಮುಟ್ಟಿದ ಮೇಲೆ ನಾನು ಒತ್ತಬೇಕು. ಅಷ್ಟು ಮಾತ್ರ ನನ್ನ ಕೈಗೆ ಉಳಿದ ಕೆಲಸ.

ಗುಂಡುಸೂಜಿಗಳನ್ನು ಚುಚ್ಚಿದ್ದ ಕೋಟನ್ನೇ ಹಾಕಿಕೊಂಡು ಅತ್ತೆ ಮೇಲೆ ಹತ್ತಿದರು. ಅಂಚು ಮೊಣಕಾಲಿನ ಮೇಲೇ ನಿಂತಿತ್ತು, ಶಾಲೆಗೆ ಹೊರಟ ಹುಡುಗಿಯ ಹಾಗೆ. ದರ್ಜಿ ರಂಗದ ಬದಿಯಲ್ಲಿ ಸೂಜಿದಾರ ಹಿಡಿದೇ ನಿಂತಿದ್ದ. ಆ ಹುಡುಗಿಯೂ ಪಕ್ಕದಲ್ಲಿದ್ದಳು. ಪಾಪ, ಅವಳೂ ಉಸಿರು ಬಿಗಿಹಿಡಿದಂತಿತ್ತು.

ಬೆರಳೊತ್ತಿದೆ.

ಮೊದಲ ಗಳಿಗೆಯಲ್ಲೇ ಬೆಳಕು ಬಹಳಷ್ಟು ಹೋಯಿತು, ಹಲಗೆಯ ಅಂಕಿ ನೋಡಿ ಮತ್ತೆ ತಪ್ಪಿತೆಂದುಕೊಂಡೆ. ಆದರೆ ರಂಗದ ಮೇಲೆ ಒಂದು ತೆರೆ ಸರಿದ ಹಾಗೆ ಮಾತ್ರ ಕಂಡಿತು. ಅತ್ತೆ ಹೆಜ್ಜೆ ಕೆಳಗಿಟ್ಟರು. ಕೋಟಿನ ನೀಲಿ ಬೂದಿಯಾಯಿತು, ಬೂದಿ ಹೊಗೆಯಾಯಿತು. ಯಾವ ಗಳಿಗೆಯಲ್ಲೂ ಏನೂ ಮುಗಿಯಲಿಲ್ಲ. ಕಂಬಿಯನ್ನು ಅವರು ಹಿಡಿದಿರಲಿಲ್ಲ, ಅದರ ಮೇಲೆ ಕೈ ತೇಲಿಸುತ್ತಿದ್ದರು, ನೀರಿನ ಮೇಲೆ ತೇಲಿಸುವ ಹಾಗೆ. ಆಮೇಲೆ ಕೈ ಕಾಣಲಿಲ್ಲ, ಕೂದಲು ಕಂಡಿತು. ಆಮೇಲೆ ಕೂದಲೋ, ಕೂದಲಿದ್ದ ಜಾಗದ ನೆನಪೋ ಹೇಳಲಾಗಲಿಲ್ಲ. ಟೊಳ್ಳು ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಮಾತ್ರ ಬರುತ್ತಿತ್ತು. ಟಕ್. ಟಕ್. ಅವಸರವಿಲ್ಲದೆ.

ನನ್ನ ಕಣ್ಣಿಗೆ ಹಲಗೆಯ ಹೊಳಪು ಬಡಿದು ಹೊರಗೆಲ್ಲ ಕಪ್ಪಾಗಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಇಳಿದರೇ? ಇನ್ನೂ ಇದೆಯೇ? ಮಗಳು ನನ್ನ ಸೀರೆಯ ಅಂಚನ್ನು ಹಿಡಿದಳು.

ಧಪ್. ಸದ್ದು ಬದಲಾಯಿತು. ಅದು ಟೊಳ್ಳಲ್ಲ, ನೆಲ.

ಒತ್ತಲು ಹೋದೆ. ಆಗ ಕೆಳಗಿಂದ ಅತ್ತೆಯ ದನಿ ಬಂತು, ನಾಟಕದ್ದಲ್ಲ, ಮನೆಯದು.

"ಆರಿಸಿಬಿಟ್ಯಾ?"

"ಇಲ್ಲ ಅತ್ತೆ," ಎಂದೆ ಗಾಜಿನ ಕಿಂಡಿ ತೆರೆದು. "ಇನ್ನೂ ಒಂಚೂರು ಇದೆ. ನಮಗೆ ಕಾಣ್ತಿಲ್ಲ."

"ನನಗೆ ಕಾಣ್ತಿದೆ," ಎಂದರು ಅವರು. "ಎಲ್ಲ ಕಾಣ್ತಿದೆ. ಮೆಟ್ಟಿಲು, ಆ ದರ್ಜಿಯ ಬಕ್ಕತಲೆ, ಎಲ್ಲ. ಸ್ವಲ್ಪ ಹೊತ್ತು ಹಾಗೇ ಇರಲಿ ಬಿಡು."

ಬಹಳ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ನಿರ್ದೇಶಕ ಮಾತಾಡಿದ. ಮಲಗಿದ ಮಗುವಿನ ಕೋಣೆಯಲ್ಲಿ ಮಾತಾಡುವಷ್ಟು ಮೆಲ್ಲಗೆ.

"ದರ್ಜಿ, ಆ ಗುಂಡುಸೂಜಿಗಳನ್ನ ತೆಗೆದುಬಿಡಪ್ಪ. ಕೋಟು ಅಮ್ಮನ ಅಳತೆಗೇ ಇರಲಿ."

"ಕತ್ತಲಲ್ಲಿ ಹೇಗೆ ತೆಗೀಲಿ ಸ್ವಾಮಿ? ಚುಚ್ಚುತ್ತೆ."

"ತಾಳಪ್ಪ, ಕಣ್ಣಿಗೆ ಒಗ್ಗುತ್ತೆ," ಎಂದರು ಅತ್ತೆ.

ಮಗಳು ಎದ್ದು ಗಾಜಿಗೆ ಹಣೆಯೊತ್ತಿ ನಿಂತಳು. ನಾನು ಹಲಗೆಯ ಮೇಲೆ ಒಂದು ಬಟ್ಟೆ ಹೊದಿಸಿ, ಅವಳ ಪಕ್ಕ ನಿಂತು ಕಾದೆ. ಮೊದಲು ಏನೂ ಇರಲಿಲ್ಲ. ಆಮೇಲೆ, ತೀರ ಕೆಳಗೆ, ಮೆಟ್ಟಿಲ ಬುಡದಲ್ಲಿ, ಒಂದು ಬೆಳ್ಳನೆಯ ತಲೆ. ಅದರ ಮುಂದೆ ಮಂಡಿಯೂರಿದ ಇನ್ನೊಂದು ಆಕಾರ, ಕೋಟಿನ ಅಂಚಿನಿಂದ ಸಣ್ಣಗೆ ಮಿನುಗುವ ಏನನ್ನೋ ಒಂದೊಂದಾಗಿ ಬಿಡಿಸಿ ತೆಗೆಯುತ್ತಿತ್ತು.